ರೆಫರಿಯ ಪಾಲಿನ ಬಂಗಡೆ

ನನ್ನ ಸೋದರಮಾವ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು. ಅವರು ಜೀವಮಾನದಲ್ಲಿ ಚೆಂಡನ್ನು ಒದ್ದದ್ದು ಒಂದೇ ಸಲ, ಕ್ಲಬ್ಬಿನ ಉದ್ಘಾಟನೆಯ ದಿನ. ಚೆಂಡಿಗಿಂತ ಚಪ್ಪಲಿಯೇ ದೂರ ಹೋಯಿತು. ಆದರೂ ನಮ್ಮ ಜಿಲ್ಲೆಯಲ್ಲಿ ಈ ಆಟವನ್ನು ಅವರಷ್ಟು ತಿಳಿದವರಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವನೇ!

ಹೊನ್ನಾವರದ ಬಂದರಿನಲ್ಲಿ ಮಾವನದು ಐಸ್ ಫ್ಯಾಕ್ಟರಿ. ನಾಲ್ಕು ಕಾಸು ಕೂಡಿದ ಮೇಲೆ ಉಳಿದವರು ಕಲ್ಯಾಣಮಂಟಪ ಕಟ್ಟಿಸಿದರೆ ಇವರು ಕ್ಲಬ್ ಕಟ್ಟಿದರು. ಆಟಗಾರರು ಭಟ್ಕಳದವರು, ಕೋಚ್ ಗೋವಾದವರು, ಕಾಗದಪತ್ರ ನೋಡಲು ಕುಮಟಾದಿಂದ ಬಸ್ಸು ಹತ್ತಿ ಬರುವ ಬಿಟ್ಟಿ ಸೆಕ್ರೆಟರಿ ನಾನು. ಆಯ್ಕೆಯ ದಿನ ಮಾವ ಆಟಗಾರರ ಕಾಲು ನೋಡಲಿಲ್ಲ, ಒಬ್ಬೊಬ್ಬರ ಅಂಗೈ ಮುಟ್ಟಿ ನೋಡಿದರು.

"ಅಂಗೈ ಎಂತಕ್ಕೆ ಮಾವ?" ಎಂದೆ.

"ಹಗ್ಗ ಎಳೆದ ಕೈ ಗೊತ್ತಾಗ್ತದೆ ಅಳಿಯ. ಅಂಥವ ಅರ್ಧಕ್ಕೆ ಬಿಟ್ಟು ಹೋಗುದಿಲ್ಲ" ಎಂದರು. ಕೋಚ್ ಕಣ್ಣು ಮುಚ್ಚಿಕೊಂಡರು.

ಮಾವನಿಗೆ ಗೊತ್ತಿದ್ದದ್ದು ಒಂದೇ ಕಾನೂನು, ರಂಪಣಿಯದು. ಊರಿಗೆ ಊರೇ ದಂಡೆಯಲ್ಲಿ ನಿಂತು ಎರಡೂ ಬದಿಯಿಂದ ಎಳೆಯುವ ಆ ದೊಡ್ಡ ಬಲೆಯ ಹಗ್ಗಕ್ಕೆ ಯಾರು ಕೈ ಹಚ್ಚಿದರೂ ಮೀನಿನಲ್ಲಿ ಪಾಲು ಕೊಡಬೇಕು. ಹಾಗಾಗಿ ಭಟ್ಕಳದ ಮೈದಾನದಲ್ಲಿ ಪಂದ್ಯ ಗೆದ್ದಾಗಲೆಲ್ಲ ಬಂಗಡೆ ಹಂಚಿಕೆ. ಆಡಿದವರಿಗೆ, ಬೆಂಚಿನಲ್ಲಿ ಕೂತವರಿಗೆ, ಹುಲ್ಲು ಕತ್ತರಿಸಿದವರಿಗೆ, ಕೊನೆಗೆ ಸೋತ ತಂಡಕ್ಕೂ! "ಅವ್ರು ಆ ಬದಿಯಿಂದ ಎಳೀದಿದ್ರೆ ಆಟ ಎಲ್ಲಿಂದ ಬರ್ತಿತ್ತು?" ಎಂಬುದು ಮಾವನ ವಾದ. ನನಗೆ ಮಾತ್ರ ಇಲ್ಲ. ಮನೆಯವನಲ್ಲವೇ!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಳೆದ ಸೀಸನ್ನಿನಲ್ಲಿ ಒಂದು ಪಂದ್ಯವನ್ನು ಪೆನಾಲ್ಟಿಯಿಂದ ಗೆದ್ದೆವು. ಆ ಪೆನಾಲ್ಟಿ ಕೊಟ್ಟ ರೆಫರಿ ತಮ್ಮ ಕಾರಿನ ಹತ್ತಿರ ಹೋಗಿ ನೋಡಿದರೆ ಐಸ್ ತುಂಬಿದ ಡಬ್ಬ, ಒಳಗೆ ಹನ್ನೆರಡು ಬಂಗಡೆ, ಮೇಲೆ ಮಾವನ ಕೈಬರಹದಲ್ಲೇ ಒಂದು ಚೀಟಿ: "ನಿಮ್ಮ ಪಾಲು." ಲಂಚಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ರೆಫರಿ ಸಸ್ಯಾಹಾರಿ ಬೇರೆ.

ಲೀಗಿನಿಂದ ನೋಟಿಸು ಬಂತು. ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಮಾಲೀಕರು ಬರೆದುಕೊಟ್ಟರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಇಲ್ಲವಾದರೆ ಕ್ಲಬ್ಬು ಲೀಗಿನಿಂದ ಹೊರಗೆ. ನಾನೇ ಪತ್ರ ಬರೆದು ಐಸ್ ಫ್ಯಾಕ್ಟರಿಗೆ ಒಯ್ದೆ. ಮಾವ ಎರಡು ಸಲ ಓದಿ ಪೆನ್ನು ಕೆಳಗಿಟ್ಟರು.

"ಪಾಲು ಕೊಟ್ಟದ್ದು ತಪ್ಪು ಅಂತ ನಾ ಹ್ಯಾಂಗೆ ಬರ್ಕೊಡ್ಲಿ?"

"ಒಂದು ಸಹಿ ಮಾವ. ಇಲ್ದಿದ್ರೆ ಹುಡುಗ್ರು, ಕೋಚು, ಅಷ್ಟೂ ಜನರ ಕೆಲಸ ಹೋಗ್ತದೆ."

ಮಾವ ಪತ್ರವನ್ನು ಮೇಜಿನ ಆಚೆ ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ಅಪ್ಪ ಸಮುದ್ರಕ್ಕೆ ಹೋದವ ತಿರುಗಿ ಬರ್ಲಿಲ್ಲ. ಆಯಿ ಆಗ ಎಂಟು ತಿಂಗಳ ಬಸುರಿ. ಎಳೂಕೆ ಶಕ್ತಿ ಇಲ್ಲ, ರಂಪಣಿ ಹಗ್ಗಕ್ಕೆ ಸುಮ್ನೆ ಕೈ ಹಚ್ಚಿ ನಿಂತಿದ್ಳಂತೆ. ಯಾರೂ ಎಂತ ಹೇಳ್ಲಿಲ್ಲ. ಅವಳ ಮುಂದೆ ಮೂರು ಪಾಲು ಹಾಕಿದ್ರು. ಅವಳಿಗೊಂದು, ಸೊಂಟದ ಮೇಲಿದ್ದ ನಿನ್ನಮ್ಮನಿಗೊಂದು, ಹೊಟ್ಟೆಯಲ್ಲಿದ್ದ ನಂಗೊಂದು. ನಾ ಹುಟ್ಟೂಕೆ ಮೊದ್ಲೇ ನಂಗೆ ಪಾಲು ಇತ್ತು ಮಾರಾಯ."

ಪತ್ರ ಹರಿದು ಹಾಕೋಣ ಎನಿಸಿತು. ಆದರೂ ಪೆನ್ನೆತ್ತಿ ಅವರ ಕೈಗೆ ಕೊಟ್ಟೆ. "ಆತು, ಹುಡುಗ್ರ ಹೊಟ್ಟೆ ಮೇಲೆ ಹೊಡೂದು ಬೇಡ" ಎಂದು ಮಾವ ಸಹಿ ಹಾಕಿದರು. ಸಹಿ ಸೊಟ್ಟಗಾಗಿತ್ತು.

ಕ್ಲಬ್ ಉಳಿಯಿತು. ಮುಂದಿನ ಪಂದ್ಯ ಗೆದ್ದಾಗ ಮಾವ ರೆಫರಿಯ ಕಾರಿನತ್ತ ತಿರುಗಿಯೂ ನೋಡಲಿಲ್ಲ. ನಾನು ಕುಮಟಾ ಬಸ್ಸು ಹತ್ತಿ ಕೂತಾಗ ಮಾತ್ರ ಏದುಸಿರು ಬಿಡುತ್ತ ಬಂದು ಕಿಟಕಿಯಿಂದ ಒಂದು ಡಬ್ಬ ತುರುಕಿದರು.

"ಇದು ಯಾರಿಗೆ ಮಾವ?"

"ನಿಂಗೇ. ಇಷ್ಟು ವರ್ಷ ನಿಂಗೆ ಕೊಡೂದೇ ಮರ್ತೆ. ನೀನೂ ಹಗ್ಗ ಹಿಡಿದವನೇ ಅಲ್ವಾ?"

ಬಸ್ಸು ಹೊರಟಿತು. ಐಸ್ ಕರಗಿ ನನ್ನ ಪ್ಯಾಂಟೆಲ್ಲ ಒದ್ದೆಯಾಯಿತು, ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದರು. ಕುಮಟಾ ಬರುವವರೆಗೂ ನಾನು ಆ ಡಬ್ಬವನ್ನು ಮಡಿಲಿನಿಂದ ಕೆಳಗಿಡಲಿಲ್ಲ.