ಊರಿಗೆ ಹೋದ ಆ್ಯಂಟಿಆಕ್ಸಿಡೆಂಟ್

ಶಾಸ್ತ್ರದ ಮಾತೊಂದು ಕಾಲೇಜಿನ ಗೇಟು ದಾಟಿ ಊರೊಳಗೆ ಹೋಯಿತೆಂದರೆ, ಏನಾಗಿ ವಾಪಸು ಬರುತ್ತದೋ ಹೇಳಲಾಗದು. ನಾನು ಹುನಗುಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಅಂಥದೇ ಕೆಡುಕು ನಮ್ಮ ಮೈಯೊಳಗೂ ನಡೆದಿರುತ್ತದೆ. ಅದನ್ನು ತಡೆಯುವ ಆ್ಯಂಟಿಆಕ್ಸಿಡೆಂಟು ತುಳಸಿ, ಓಮ, ಚಹಾ, ಕರಿಬೇವಿನಲ್ಲಿ ಎಷ್ಟಿದೆ ಎಂದು ನೋಡುವುದು ನನ್ನ ಹುಚ್ಚು. ಹುಚ್ಚು ನನ್ನದು, ಪರಿಣಾಮ ಊರಿನದು.

೧. ತುಳಸಿಯ ವಯಸ್ಸು

ಓಣಿಯ ಮಹಿಳಾ ಸಂಘದಲ್ಲಿ ಒಮ್ಮೆ ಈ ವಿಷಯ ಮಾತಾಡಿದೆ. ಹೆಂಡತಿಯನ್ನು ಕರೆದೊಯ್ಯಲು ಬಂದ ನಿವೃತ್ತ ಮಾಸ್ತರರೊಬ್ಬರು ಹಿಂದೆ ಕೂತಿದ್ದರು. ಇದರಿಂದ ವಯಸ್ಸಾಗುವುದು ನಿಧಾನವಾದೀತು ಎಂದು ಕೆಲವರು ಹೇಳುತ್ತಾರೆ, ಆದರೆ ಖಾತ್ರಿಯಿಲ್ಲ ಎಂದೆ. ಮಾಸ್ತರರು 'ವಯಸ್ಸು' ಒಯ್ದರು, 'ಖಾತ್ರಿಯಿಲ್ಲ' ಅಲ್ಲೇ ಬಿಟ್ಟುಹೋದರು.

ತಿಂಗಳ ನಂತರ ಅವರ ಮನೆಗೆ ಹೋದರೆ ತುಳಸಿಕಟ್ಟೆಯಲ್ಲಿ ಬರೀ ಕಡ್ಡಿ. ಮಾಸ್ತರರು ಹೊತ್ತಿಗೊಂದು ಮುಷ್ಟಿ ಎಲೆ ತಿಂದಿದ್ದರಂತೆ. ಗುಣವೇನಾದರೂ ಕಂಡಿತೇ ಎಂದು ಅವರ ಹೆಂಡತಿಯನ್ನು ಕೇಳಿದೆ. ಅವರು ಬೋಳುಗಿಡಕ್ಕೆ ನೀರು ಹಾಕುತ್ತಲೇ ಅಂದರು: "ಇವರ ವಯಸ್ಸೇನೂ ಇಳದಿಲ್ರಿ ಬಾಯಾರ. ತುಳಸೀದು ಮಾತ್ರ ಏರೇತಿ."

೨. ಡ್ರೈವರನ ಕಷಾಯ

ಕೂಡಲಸಂಗಮಕ್ಕೆ ಟಂಟಂ ಆಟೋದಲ್ಲಿ ಹೊರಟಿದ್ದೆ. ಡ್ರೈವರ್ ನಡುನಡುವೆ ಒಂದು ಬಾಟಲಿಯಿಂದ ಹಸಿರು ಕಷಾಯ ಗುಟುಕರಿಸುತ್ತಿದ್ದ. ಏನದು ಎಂದು ಕೇಳಿದ್ದಕ್ಕೆ ಗಿಡಮೂಲಿಕೆಯ ಆ್ಯಂಟಿಆಕ್ಸಿಡೆಂಟ್ ಎಂದ. ನನ್ನ ಕೆಲಸ ಟಂಟಂವರೆಗೂ ಮುಟ್ಟಿತಲ್ಲ ಎಂದು ಎದೆಯುಬ್ಬಿತು. ಏನು ಉಪಯೋಗವಾಗಿದೆ ಎಂದು ಕೇಳಿದೆ.

"ಇದನ್ನ ಕುಡ್ಯಾಕ ಹತ್ತಿದ ಮ್ಯಾಲೆ ಒಂದೂ ಆ್ಯಕ್ಸಿಡೆಂಟ್ ಆಗಿಲ್ರಿ ಮೇಡಂ."

ಯಾವಾಗಿನಿಂದ ಕುಡಿಯುತ್ತಿದ್ದೀ ಎಂದೆ.

"ನಿನ್ನಿ ಸಂಜಿಯಿಂದ್ರಿ."

ಮುಂದಿನ ದಾರಿಯುದ್ದಕ್ಕೂ ನಾನು ಹಿಡಿದ ಸರಳು ಬಿಡಲಿಲ್ಲ.

೩. ಬಣ್ಣದ ಪರೀಕ್ಷೆ

ನಮ್ಮ ವಿಭಾಗದ ವಿಚಾರಗೋಷ್ಠಿಗೆ ಮುಖ್ಯ ಅತಿಥಿಯಾಗಿ ಬಂದವರು ಬಾಗಲಕೋಟೆಯ ಗಿಡಮೂಲಿಕೆ ಪುಡಿಯ ವ್ಯಾಪಾರಿ. ಲ್ಯಾಬಿಗೆ ಹೊಸ ಉಪಕರಣ ಕೊಡಿಸುವ ಮಾತಾಡಿದ್ದರಿಂದ ಪ್ರಿನ್ಸಿಪಾಲರು ಅವರ ಹಿಂದೆ ಮುಂದೆ ಓಡಾಡುತ್ತಿದ್ದರು.

ಪರೀಕ್ಷೆ ಸರಳ. ಗಾಜಿನ ನಳಿಕೆಯಲ್ಲಿನ ನೇರಳೆ ಬಣ್ಣದ ದ್ರಾವಣಕ್ಕೆ ಸೊಪ್ಪಿನ ಸಾರ ಹಾಕಬೇಕು. ಸತ್ವವಿದ್ದರೆ ಹಳದಿಗೆ ತಿರುಗುತ್ತದೆ. ಕರಿಬೇವು ತಿರುಗಿತು. ಓಮ ತಿರುಗಿತು. ಅತಿಥಿಗಳು ತಮ್ಮ ಪುಡಿಯನ್ನೂ ಹಾಕಿಸಿದರು. ಅದು ನೇರಳೆಯಾಗಿಯೇ ಕೂತಿತು.

ಪ್ರಿನ್ಸಿಪಾಲರ ಮುಖ ಮಾತ್ರ ಹಳದಿಯಾಯಿತು. ಅತಿಥಿಗಳು ಅಳುಕಲಿಲ್ಲ. ತಮ್ಮ ಪುಡಿ ನಿಧಾನ, ಆದರೆ ಖಂಡಿತ ಎಂದರು. "ಬಣ್ಣ ತಿರುಗೂ ತನಕ ನಾಕು ಮಾತು ಹೇಳ್ತೇನಿ" ಎಂದು ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಮೈಕು ಹಿಡಿದರು.

ಋಷಿಮುನಿಗಳಿಂದ ಸುರುವಾದ ನಾಲ್ಕು ಮಾತು ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಅವರ ಅಜ್ಜನ ಕಾಲಕ್ಕೆ ಬಂದಿರಲಿಲ್ಲ. ಊಟ ಆರುತ್ತಿತ್ತು, ಹುಡುಗಿಯರು ಆಕಳಿಸುತ್ತಿದ್ದರು. ಅಷ್ಟರಲ್ಲಿ ಯಾರೋ ನೋಡಿದರು: ಅವರ ನಳಿಕೆ ಹಳದಿ! ಚಪ್ಪಾಳೆಯೋ ಚಪ್ಪಾಳೆ. ಅತಿಥಿಗಳು ಅದರೊಂದಿಗೆ ಫೋಟೊ ತೆಗೆಸಿಕೊಂಡು, ಉಪಕರಣ ಘೋಷಿಸಿ, ಊಟಕ್ಕೆ ನಡೆದರು.

ನನಗೆ ತಲೆ ಕೆಟ್ಟಿತು. ಇಷ್ಟು ತಡವಾಗಿ ತಿರುಗುವಂಥದ್ದು ಪುಡಿಯಲ್ಲಿ ಏನಿದೆ? ನಳಿಕೆ ತೊಳೆಯುತ್ತಿದ್ದ ನಮ್ಮ ಲ್ಯಾಬಿನ ಆಯಾ ತಲೆ ಎತ್ತದೆ ಹೇಳಿದಳು:

"ಅವರು ಕುಡದು ಬಿಟ್ಟ ಕರಿ ಚಾದಾಗಿಂದ ನಾಕು ಹನಿ ಹಾಕೇನ್ರಿ. ತಿರುಗೂ ತನಕ ಮಾತಾಡ್ತೇನಿ ಅಂದ್ರಲ್ಲ, ನಮಗ ಊಟ ಬ್ಯಾಡೇನ್ರಿ?"