ಫೋನ್ ಹಚ್ಚಿಕೊಡುವವನ ನಿರುದ್ಯೋಗ

ಸಂಬಳದ ಕೆಲಸ ಹೋದರೆ ಸಮಾಧಾನ ಹೇಳಲು ನಾಲ್ಕು ಜನ ಬರುತ್ತಾರೆ. ಒಬ್ಬರು ಚಹಾ ಕುಡಿಸುತ್ತಾರೆ, ಇನ್ನೊಬ್ಬರು ತಮ್ಮ ಷಡ್ಡಕನಿಗೆ ಹೇಳಿ ನೋಡುತ್ತೇನೆ ಎನ್ನುತ್ತಾರೆ. ಸಂಬಳವೇ ಇಲ್ಲದ ಕೆಲಸ ಹೋದರೆ ಮಾತ್ರ ಯಾರೂ ಬರುವುದಿಲ್ಲ. ಅಂಥದೊಂದು ಕೆಲಸ ಇತ್ತೆಂಬುದೇ ಮನೆಯವರ ನೆನಪಿನಲ್ಲಿರುವುದಿಲ್ಲ. ನಾನು ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವವನು. ನಾರಾಯಣಖೇಡದ ಬಸ್ಸು ಎಷ್ಟಕ್ಕೆ, ತಾಂಡೂರಿನದು ಹೋಯಿತೋ ಇದೆಯೋ ಎಂದು ಜನ ಮೂರು ಭಾಷೆಗಳಲ್ಲಿ ಕೇಳುತ್ತಾರೆ, ನಾನು ಮೂರರಲ್ಲೂ ಸಿಡುಕುತ್ತೇನೆ. ಆ ಕೆಲಸ ಇನ್ನೂ ಇದೆ, ಶಿವನ ದಯೆ. ಹೋದದ್ದು ನನ್ನ ಭಾನುವಾರದ ಕೆಲಸ. ಮಸ್ಕತ್ತಿನಲ್ಲಿರುವ ಅಕ್ಕನಿಗೆ ಕಂಪ್ಯೂಟರಿನಿಂದ ಫೋನ್ ಹಚ್ಚಿ ಮನೆಮಂದಿಯನ್ನು ಮಾತಾಡಿಸುವ ಕೆಲಸ. ಅದು ಹೋದಂದಿನಿಂದ ಭಾನುವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಅಕ್ಕ ಮಹಾದೇವಿಯನ್ನು ತಾಂಡೂರಿಗೆ ಕೊಟ್ಟಿದ್ದೆವು. ಭಾವನದು ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ. ತಾಂಡೂರಿನ ಹಾಸುಗಲ್ಲಿಗೆ ಕನ್ನಡಿಯ ಹೊಳಪು ಬರಿಸುತ್ತಿದ್ದ ಆ ಕೈಯನ್ನು ಯಾರೋ ನೋಡಿ ಮಸ್ಕತ್ತಿಗೆ ಕರೆಸಿಕೊಂಡರು. ಅಕ್ಕನೂ ಹಿಂದೆಯೇ ಹೋದಳು. ಆಗ ನಾನೊಂದು ಲ್ಯಾಪ್‌ಟಾಪ್ ತಂದು, ಆ ದಿನಗಳಲ್ಲಿ ಎಲ್ಲರೂ ಬಳಸುತ್ತಿದ್ದ ಕರೆಯ ಸೇವೆಯೊಂದನ್ನು ಅದರಲ್ಲಿ ಹಾಕಿಸಿದೆ. ಅದರ ಹೆಸರು ಹೇಳುವುದಿಲ್ಲ, ಸತ್ತವರ ಹೆಸರೆತ್ತಿ ಆಡಿಕೊಳ್ಳಬಾರದು. ಪರದೆಯಲ್ಲಿ ನೀಲಿ ಬಣ್ಣ ಕಾಣುತ್ತಿದ್ದುದರಿಂದ ನಮ್ಮವ್ವ ಅದನ್ನು ನೀಲಿ ಫೋನು ಎಂದಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಭಾನುವಾರ ಹನ್ನೊಂದಕ್ಕೆ ನೀಲಿ ಫೋನಿನ ಹೊತ್ತು. ಅವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆ ಉಟ್ಟು ಬಂದು ಕೂರುತ್ತಿದ್ದಳು. ಅಕ್ಕನ ಪಕ್ಕದಲ್ಲಿ, ಮಧ್ಯಾಹ್ನದ ಪಾಳಿಗೆ ಹೋಗುವ ಅಳಿಯ ಕಾಣುತ್ತಾನಲ್ಲ, ಅಳಿಯನೆದುರು ಹಳೇ ಸೀರೆಯಲ್ಲಿ ಕೂರುವುದು ಹೇಗೆ? ಗೋಡೆಯ ಬಿರುಕು ಕಾಣದಂತೆ ನಾನೊಂದು ಪರದೆ ಕಟ್ಟಿದ್ದೆ. ಹಿತ್ತಾಳೆಯ ಕೊಡಗಳನ್ನು ತೊಳೆಸಿ ಹಿಂದೆ ಜೋಡಿಸಿದ್ದೆ. ಮಸ್ಕತ್ತಿನಿಂದ ನೋಡಿದರೆ ನಾವು ಭಾರಿ ಶ್ರೀಮಂತರು. ಪಕ್ಕದ ಮನೆಯವರೂ ಬರುತ್ತಿದ್ದರು. ಯಾರು ಮೊದಲು ಮಾತಾಡಬೇಕು, ಯಾರಿಗೆ ಎಷ್ಟು ಹೊತ್ತು, ಎಲ್ಲ ನನ್ನದೇ ಹುಕುಂ. "ಅವ್ವಾ, ಜರಾ ಹಿಂದ ಸರಿ, ಬರೇ ಮೂಗು ಕಾಣಾಕತ್ತದ" ಎಂದರೆ ಜನ್ಮ ಕೊಟ್ಟ ತಾಯಿಯೇ ತಕರಾರಿಲ್ಲದೆ ಹಿಂದೆ ಸರಿಯುತ್ತಿದ್ದಳು. ಬಸ್ ನಿಲ್ದಾಣದಲ್ಲಿ ನನ್ನ ಮಾತಿಗೆ ಒಂದು ಬಸ್ಸೂ ಹಿಂದೆ ಸರಿದದ್ದಿಲ್ಲ.

ಒಂದು ವರ್ಷ ನಾಗರ ಪಂಚಮಿ ಭಾನುವಾರವೇ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬಂದ ಮಗಳನ್ನು ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮಾತು ಮುಗಿಯಿತು, ಇನ್ನು ಬಂದ್ ಮಾಡಬೇಕು ಎನ್ನುವಾಗ ಅವ್ವ ಎದ್ದು ಒಳಗೆ ಹೋಗಿ ತಟ್ಟೆ ತಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಒಂದು ಖಣ. ಪರದೆಯ ಮೇಲೆ ಅಕ್ಕನ ಹಣೆಗೆ ಕುಂಕುಮ ಹಚ್ಚಿದಳು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆದರೆ ಅತ್ತ ಅಕ್ಕ ತಲೆಯ ಮೇಲೆ ಸೆರಗು ಹೊದ್ದು, ಉಡಿಯನ್ನು ಎರಡೂ ಕೈಯಿಂದ ಮುಂದೆ ಹಿಡಿದಳು. ಮಗಳು ಉಡಿ ಒಡ್ಡಿದ ಮೇಲೆ ಯಾವ ತಾಯಿಯ ಕೈ ಸುಮ್ಮನಿರುತ್ತದೆ? ಅವ್ವ ಐದು ಬೊಗಸೆ ಅಕ್ಕಿಯನ್ನು ನೇರವಾಗಿ ಕೀಲಿಮಣೆಯ ಮೇಲೆ ಸುರಿದಳು. ನಾನು ಹೌಹಾರಿದೆ.

"ಅವ್ವಾ, ಏನ್ ಮಾಡಿದಿ?"

"ಮತ್ತೆಲ್ಲಿ ಹಾಕ್ಲಿ? ಆಕಿ ಅಲ್ಲೇ ಇದ್ದಾಳಲ್ಲ" ಎಂದಳು ಅವ್ವ. ಅಕ್ಕ ಮಸ್ಕತ್ತಿನಲ್ಲಿ ಖಾಲಿ ಉಡಿಯನ್ನು ಜೋಪಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಣ್ಣೊರೆಸಿಕೊಂಡಳು.

ಅಕ್ಕಿಯನ್ನೇನೋ ಆರಿಸಿ ತೆಗೆದೆ, ಆದರೆ ಕೀಲಿಮಣೆಯ ಒಂದು ಅಕ್ಷರ ಸತ್ತುಹೋಯಿತು. ನೀಲಿ ಫೋನಿನ ಗುಪ್ತಪದದಲ್ಲಿ ಅದೇ ಅಕ್ಷರ ಎರಡು ಸಲ ಬರುತ್ತಿತ್ತು. ಪರದೆಯ ಮೇಲೆಯೇ ಕೀಲಿಮಣೆಯ ಚಿತ್ರ ತರಿಸಿ ಒತ್ತಬಹುದೆಂಬ ಉಪಾಯ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಈಗ ನಿಜ ಹೇಳಿಬಿಡುತ್ತೇನೆ: ರಿಪೇರಿ ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಅಕ್ಷರ ಸತ್ತಿದ್ದಷ್ಟು ಕಾಲ ನನ್ನ ಹುದ್ದೆಗೆ ಸಾವಿರಲಿಲ್ಲ.

ಆದರೆ ಎಲ್ಲರ ಕೈಗೂ ಹೊಸ ಫೋನುಗಳು ಬಂದವು. ಮೊದಲು ಪಕ್ಕದ ಮನೆಯವರು ಬರುವುದನ್ನು ಬಿಟ್ಟರು. ನೀಲಿ ಫೋನಿನ ಪಟ್ಟಿಯಲ್ಲಿದ್ದ ಪರಿಚಯದವರ ದೀಪಗಳು ಒಂದೊಂದಾಗಿ ಆರಿ, ಕೊನೆಗೆ ಅಕ್ಕನದೊಂದೇ ಉಳಿಯಿತು. ಅದೂ ನಾನು ಹಿಂದಿನ ದಿನ ಸಂದೇಶ ಕಳಿಸಿ ನೆನಪಿಸಿದರೆ ಮಾತ್ರ. ಫೋನಿನ ಪರದೆ ಅಂಗೈಯಷ್ಟು, ಲ್ಯಾಪ್‌ಟಾಪಿನಲ್ಲಿ ಅಕ್ಕ ದೊಡ್ಡದಾಗಿ ಕಾಣುತ್ತಾಳೆ ಎಂದು ಮನೆಯಲ್ಲಿ ವಾದಿಸುತ್ತಿದ್ದೆ. ಒಂದು ಮುಂಜಾನೆ ಆ ಸೇವೆಯವರೇ ಇನ್ನು ಅಂಗಡಿ ಮುಚ್ಚುತ್ತೇವೆಂದು ತಿಳಿಸಿದರು. ನಾಷ್ಟಾದ ಹೊತ್ತಿಗೆ ಆ ಸುದ್ದಿಯನ್ನು, ಸೂತಕದ ಮನೆಯವನಂತೆ, ಮೆಲ್ಲಗೆ ಹೇಳಿದೆ. ನನ್ನ ಹೆಂಡತಿ ಶೋಭಾ ನಾರಾಯಣಖೇಡದವಳು, ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ.

"ಅದು ಇನ್ನಾ ಇತ್ತೇನ್ರಿ?" ಎಂದಳು.

ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಇನ್ನ ಅಕ್ಕನ ಕೂಡ ಮಾತಾಡೋದು ಹೆಂಗ?"

"ಮುಂಜಾನೆನೇ ಮಾತಾಡೀನಲ್ಲೋ ತಮ್ಮಾ. ದಿನಾ ಮಾತಾಡ್ತೀವಿ. ಶೋಭಾ ಫೋನ್ ಹಚ್ಚಿ ಒಲಿ ಬಾಜೂಕ ಇಡ್ತಾಳ, ನಾ ರೊಟ್ಟಿ ಬಡ್ಕೋತ ಮಾತಾಡ್ತೀನಿ."

"ಮತ್ತ ಆಯಿತ್ವಾರ ಸೀರಿ ಉಟ್ಕೊಂಡು ಕೂಡ್ತಿದ್ದಿ?"

ಅವ್ವ ಸೊಸೆಯ ಮುಖ ನೋಡಿದಳು. "ನೀ ಅಷ್ಟೆಲ್ಲಾ ವೈರ್ ಹಚ್ತಿದ್ದಿ. ನಿನಗ ಬ್ಯಾಸರ ಆಗಬಾರ್ದಂತ ಕೂಡ್ತಿದ್ದೆ."

ಅಂದರೆ ಅತ್ತೆ, ಸೊಸೆ, ಅತ್ತ ಅಕ್ಕ, ಮೂವರೂ ಸೇರಿ ಪ್ರತಿ ಭಾನುವಾರ ನನ್ನನ್ನು ಆಟವಾಡಿಸುತ್ತಿದ್ದರು. ತೊಟ್ಟಿಲಲ್ಲಿರುವ ಕೂಸಿಗೆ ಗಿಲಕಿ ಅಲ್ಲಾಡಿಸುತ್ತಾರಲ್ಲ, ಹಾಗೆ.

ಮುಂದಿನ ಭಾನುವಾರದಿಂದ ಶುರುವಾಯಿತು ನನ್ನ ತಿರುಗಾಟ. ಹನ್ನೊಂದಾದರೆ ಕೈಗೆ ತುರಿಕೆ ಬಂದಂತೆ. ಗೋಡೆಯ ಪರದೆ ಸರಿಸುವುದು, ಮತ್ತೆ ಎಳೆಯುವುದು. ಲ್ಯಾಪ್‌ಟಾಪ್ ತೆಗೆಯುವುದು, ಮುಚ್ಚುವುದು. ಮಾಳಿಗೆ ಹತ್ತಿ ಇಳಿಯುವುದು. ಒಮ್ಮೆ ರಜೆಯ ದಿನವೇ ಬಸ್ ನಿಲ್ದಾಣಕ್ಕೆ ಹೋಗಿ ಕಿಟಕಿಯ ಈಚೆ ನಿಂತು, ರಾಯಿಕೋಡಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ. ಒಳಗಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ ಚಹಾ ತರಿಸಿದ. ನಾಲ್ಕನೆಯ ಭಾನುವಾರ ಶೋಭಾಳಿಗೆ ಸಾಕಾಯಿತು.

"ಜರಾ ಕೂಡ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತದ. ಅಷ್ಟು ಸಂಕಟ ಇದ್ರ ನೀವೇ ಫೋನ್ ಹಚ್ಚಿ ಮಾತಾಡ್ರಿ. ಆಕಿ ನಿಮಗೂ ಅಕ್ಕನೇ ಅಲ್ಲೇನು?"

ಆಗ ಕೂತು ಯೋಚಿಸಿದೆ. ಇಷ್ಟು ವರ್ಷ ನಾನು ಅಕ್ಕನೊಡನೆ ಏನು ಮಾತಾಡಿದ್ದೆ? ದನಿ ಬರುತ್ತಿದೆಯೇ, ಬೆಳಕಿನ ಕಡೆ ಮುಖ ಮಾಡು, ಈಗ ಅವ್ವ ಮಾತಾಡುತ್ತಾಳೆ. ಇಷ್ಟೇ. ಉಳಿದ ಹೊತ್ತು ಮೇಜಿನ ಕೆಳಗೆ ವೈರು ಹಿಡಿದು ಕೂತಿರುತ್ತಿದ್ದೆ. ಚಿಕ್ಕಂದಿನಲ್ಲಿ ಝರಾಸಂಗಮದ ಬಸ್ಸಿನಲ್ಲಿ ಜನ ತುಳಿಯದಂತೆ ನನ್ನನ್ನು ಎರಡೂ ಕೈಯಿಂದ ಬಳಸಿ ನಿಲ್ಲುತ್ತಿದ್ದವಳು ಆಕೆ. ಆಕೆಯ ಊಟ ಏನು, ಮಂಡಿನೋವು ಹೇಗಿದೆ, ಒಂದೂ ನಾನು ಕೇಳಿದವನಲ್ಲ. ನಾಲ್ಕು ವರ್ಷದಿಂದ ಆಕೆ ಊರಿಗೂ ಬಂದಿರಲಿಲ್ಲ. ಹುದ್ದೆ ಹೋಯಿತೆಂದು ಚಡಪಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹಾಗಲ್ಲ, ನನಗೆ ಅಕ್ಕ ಬೇಕಾಗಿದ್ದಳು.

ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ತಮ್ಮಾ, ಅವ್ವಗೇನಾತು?"

"ಅವ್ವಗೇನಿಲ್ಲ, ಒಳಗ ರೊಟ್ಟಿ ಬಡ್ಯಾಕತ್ತಾಳ."

"ಸುಳ್ಳ ಹೇಳಬ್ಯಾಡ. ನೀ ಎಂದಾರ ಹಿಂಗ ಫೋನ್ ಹಚ್ಚೀಯೇನು? ಶೋಭಾಗೇನಾತು? ದವಾಖಾನಿದಾಗ ಇದ್ದೀರೇನು?"

"ಯಾರಿಗೂ ಏನೂ ಆಗಿಲ್ಲ ಅಕ್ಕಾ. ನಿನ್ನ ಕೂಡ ಮಾತಾಡ್ಬೇಕನಿಸ್ತು. ಸುಮ್ನ ಹಚ್ಚೀನಿ."

ಅತ್ತ ಅಕ್ಕ ಬಿಕ್ಕಿದ್ದು ಕೇಳಿಸಿತು. ಹಿಂದಿನಿಂದ ಭಾವ "ಯಾರು ಹೋದ್ರಂತ?" ಎಂದು ಕೇಳುತ್ತಿದ್ದರು. ಕರೆ ಕಡಿದುಹೋಯಿತು. ಮರುಗಳಿಗೆ ಅಡಿಗೆಮನೆಯಲ್ಲಿ ಶೋಭಾಳ ಫೋನು ಬಡಿದುಕೊಂಡಿತು. ಅವ್ವನ ಮಾತು ಕೇಳಿಸಿತು: "ಉಣ್ತಾನ, ತಿಂತಾನ. ಆದ್ರ ಆಯಿತ್ವಾರ ಬಂತಂದ್ರ ಮನಿತುಂಬ ತಿರಗತಾನವ್ವಾ. ಏನಾಗ್ಯದೋ ಶಿವನಿಗೇ ಗೊತ್ತು."

ಸಂಜೆಯೊಳಗೆ ಅವ್ವ ನನಗೆ ದೃಷ್ಟಿ ತೆಗೆದಳು. ನಾರಾಯಣಖೇಡದಿಂದ ಶೋಭಾಳ ಅಣ್ಣ ಎಳನೀರು ಹಿಡಿದು ಬಂದು, ನನ್ನ ನಾಲಿಗೆ ಹೊರಗೆ ಚಾಚಿಸಿ ನೋಡಿ, ರಕ್ತ ಪರೀಕ್ಷೆ ಮಾಡಿಸಿರೆಂದು ಹೇಳಿ ಹೋದ. ಅಕ್ಕನ ಜೊತೆ ಮಾತಾಡಬೇಕೆನಿಸುವುದು ಯಾವ ರೋಗದ ಲಕ್ಷಣವೆಂದು ಯಾರಿಗೂ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ನಾನು ಕಿಟಕಿಯ ಹಿಂದೆ ಕೂತಿದ್ದಾಗ ಫೋನ್ ಬಂತು. ಅಕ್ಕ.

"ತಮ್ಮಾ, ಟಿಕೆಟ್ ಆಗ್ಯದ. ಮುಂದಿನ ವಾರ ಬರಾಕತ್ತೀನಿ. ನೀ ಏನೂ ಮುಚ್ಚಿಡಬ್ಯಾಡ, ನನಗೆಲ್ಲಾ ತಿಳದದ. ನಾ ಬರೋತನಕ ಛಲೋ ಇರಪ್ಪಾ."

ಕಿಟಕಿಯೆದುರು ಏಳೆಂಟು ಜನ ತಾಂಡೂರಿನ ಬಸ್ಸು ಕೇಳುತ್ತ ನಿಂತಿದ್ದರು. ನನಗೇನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದೇನೆ, ಸುಮ್ಮನೆ ಗಾಬರಿಯಾಗಿ ಓಡಿ ಬರಬೇಡ ಎಂದು ಆಕೆಗೆ ಹೇಳುವುದು ನನ್ನ ಧರ್ಮವಾಗಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದೆ. ಹಿಡಿದು, ಸಣ್ಣಗೆ ಎರಡು ಸಲ ಕೆಮ್ಮಿದೆ.