ನಿಯಂತ್ರಣ ಗುಂಪಿಗೆ ಬಂದೋಬಸ್ತು

'ನನಗೆ ಗೊತ್ತಿಲ್ಲ' ಎಂದು ಹೇಳುವುದು ಕೆಲವರಿಗೆ ನೀರು ಕುಡಿದಷ್ಟು ಸುಲಭ. ನನಗೆ ಅದು ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ವಿಳಾಸ ಕೇಳಿದರೆ, ತಿಳಿಯದಿದ್ದರೂ ಒಂದು ದಿಕ್ಕಿಗೆ ಕೈ ತೋರಿಸಿಯೇ ಕಳಿಸುತ್ತೇನೆ. ಒಮ್ಮೆ ಅಬ್ಬೆತುಮಕೂರಿನ ಮಠಕ್ಕೆ ಹೊರಟಿದ್ದ ಒಂದು ಕುಟುಂಬ, ಮುದುಕರು ಮಕ್ಕಳ ಸಮೇತ, ನನ್ನ ಮಾತು ನಂಬಿ ರೈಲ್ವೆ ಸ್ಟೇಷನ್ನಿನ ಹಿಂದೆ ಗೊಬ್ಬರದ ಚೀಲ ಇಳಿಸುವ ಜಾಗಕ್ಕೆ ಹೋಗಿ ನಿಂತಿತ್ತಂತೆ. ನನ್ನ ಹೆಂಡತಿ ನೀಲಮ್ಮ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಚಹಾದ ಜೊತೆ ಬಡಿಸುತ್ತಾಳೆ.

ಕಚೇರಿಯಲ್ಲಿ ಮಾತ್ರ ನನ್ನ ಈ ರೋಗಕ್ಕೆ ಅನುಭವ ಎಂಬ ಗೌರವದ ಹೆಸರಿದೆ. ಯಾದಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್. ಆರೋಗ್ಯಕ್ಕೆ ಸಂಬಂಧಪಟ್ಟ ಫೈಲುಗಳು ನನ್ನ ಮೇಜು ದಾಟಿಯೇ ಮುಂದೆ ಹೋಗಬೇಕು. ಅರ್ಥವಾಗದ ಫೈಲು ಬಂದರೆ ಯಾರನ್ನೂ ಕೇಳುವುದಿಲ್ಲ. ಅಂಚಿನಲ್ಲಿ ಒಂದು ಷರಾ ಬರೆದು ವಾಪಸು ಕಳಿಸುತ್ತೇನೆ. 'ಈ ಬಗ್ಗೆ ಸ್ಪಷ್ಟೀಕರಣ ನೀಡುವುದು.' ಫೈಲು ಹೋಗಿ ಬರಲು ಎರಡು ತಿಂಗಳು. ಬರುವಾಗ ಅದು ನನಗೆ ಬೇಕಾದ ಪಾಠವನ್ನೆಲ್ಲ ಹೊತ್ತುಕೊಂಡೇ ಬರುತ್ತದೆ. ಹೀಗೆ ಸರ್ಕಾರದ ಖರ್ಚಿನಲ್ಲಿ ನಾನು ಬಹಳ ವಿದ್ಯೆ ಕಲಿತಿದ್ದೇನೆ.

ಡಾಕ್ಟರ್ ಮಹಾದೇವಿಯವರ ಫೈಲು ಬಂದದ್ದು ಇಂಥ ನನ್ನ ಮೇಜಿಗೆ. ಅವರು ಶಹಾಪುರದ ಅರಳೆ ವ್ಯಾಪಾರಿಯೊಬ್ಬರ ಮಗಳು. ಗಿಡ್ಡನೆಯ ಆಳು, ನಡಿಗೆ ಮಾತ್ರ ಬಸ್ಸು ಹಿಡಿಯುವವರ ನಡಿಗೆ. ನಮ್ಮ ಸೀಮೆಯಲ್ಲಿ ತಂಬಾಕು ತಿನ್ನುವವರ ಬಾಯಿ ಪರೀಕ್ಷಿಸಿ, ಅಲ್ಲಿ ಕಾಣುವ ಕಲೆಗಳಲ್ಲಿ ಯಾವುದು ಮುಂದೆ ಕ್ಯಾನ್ಸರ್ ಆಗುತ್ತದೆ ಎಂದು ಮೊದಲೇ ಪತ್ತೆ ಹಚ್ಚುವ ಸಂಶೋಧನೆ ಅವರದು. ಅದಕ್ಕೆ ಅನುದಾನ ಕೇಳಿ ವರ್ಷಗಟ್ಟಲೆ ದಿಲ್ಲಿಗೆ ಅರ್ಜಿ ಬರೆದಿದ್ದರು. ಕೊನೆಗೊಮ್ಮೆ ದಿಲ್ಲಿ ಹೂಂ ಎಂದಿತ್ತು. ಆದರೆ ದಿಲ್ಲಿಯ ಅನುದಾನ ನೆಟ್ಟಗೆ ಡಾಕ್ಟರ ಕೈಗೆ ಬರುವುದಿಲ್ಲ. ಕಾಲ್ನಡಿಗೆಯ ಯಾತ್ರಿಕರ ಹಾಗೆ ದಾರಿಯ ಧರ್ಮಶಾಲೆಗಳಲ್ಲೆಲ್ಲ ಮಲಗಿ ಎದ್ದು ಬರುತ್ತದೆ. ಕೊನೆಯ ಧರ್ಮಶಾಲೆ ನಮ್ಮ ಕಚೇರಿ. ಮಾರ್ಚ್ ಮುಗಿಯುವುದರೊಳಗೆ ಊರೊಂದರಲ್ಲಿ ಮೊದಲ ಶಿಬಿರ ಆಗದಿದ್ದರೆ ಮೊದಲ ಕಂತು ದಿಲ್ಲಿಗೆ ಮರಳುತ್ತದೆ, ಎರಡನೆಯದು ಬರುವುದೇ ಇಲ್ಲ ಎಂದು ಆದೇಶದ ಕೊನೆಯಲ್ಲಿ ಬರೆದಿತ್ತು. ಡಾಕ್ಟರು ಬಂದು, ಈ ಒಂದು ಸಲ ಬೇಗ ಕಳಿಸಿಕೊಡಿ ಎಂದು ಕೈಮುಗಿದು ಹೋದರು.

ನಾನೂ ಆ ಸಲ ಷರಾ ಬರೆಯಬಾರದೆಂದು ನಿಶ್ಚಯಿಸಿಯೇ ಕೂತೆ. ಹನ್ನೊಂದನೆಯ ಪುಟದವರೆಗೆ ನಿಶ್ಚಯ ಗಟ್ಟಿಯಾಗಿತ್ತು. ಅಲ್ಲಿ ನೂರು ಜನರ 'ಕಂಟ್ರೋಲ್ ಗ್ರೂಪ್' ಎಂದು ಇಂಗ್ಲಿಷಿನಲ್ಲಿತ್ತು. ಕಂಟ್ರೋಲ್ ಅಂದರೆ ನಿಯಂತ್ರಣ, ಗ್ರೂಪ್ ಅಂದರೆ ಗುಂಪು; ಇಷ್ಟಕ್ಕೆ ನಿಘಂಟು ಬೇಕಾಗಿಲ್ಲ. ನೂರು ಜನರ ಗುಂಪನ್ನು ನಿಯಂತ್ರಿಸುವವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಹಿಂದೊಮ್ಮೆ ಉಚಿತ ಕನ್ನಡಕದ ಶಿಬಿರದಲ್ಲಿ ಮಂದಿ ಮುಗಿಬಿದ್ದು ಶಾಲೆಯ ಎರಡು ಬೆಂಚು ಮುರಿದಿದ್ದು ನನಗೆ ನೆನಪಾಯಿತು. ಷರಾ ಬರೆದು ಫೈಲು ಮರಳಿಸಿದರೆ ಮಾರ್ಚ್ ದಾಟುತ್ತದೆ. ಆದ್ದರಿಂದ ಡಾಕ್ಟರಿಗೆ ತೊಂದರೆ ಕೊಡದೆ ನಾನೇ ಪೊಲೀಸರಿಗೆ ಒಂದು ಪತ್ರ ತಯಾರಿಸಿ ಸಹಿ ಮಾಡಿಸಿ ಕಳಿಸಿದೆ. ವಿಷಯ: 'ಕ್ಯಾನ್ಸರ್ ಸಂಶೋಧನೆಯ ನಿಯಂತ್ರಣ ಗುಂಪಿಗೆ ಬಂದೋಬಸ್ತು ಒದಗಿಸುವ ಕುರಿತು.' ಅಂದು ಸಂಜೆ ಮನೆಗೆ ಹೋಗುವಾಗ, ಒಬ್ಬ ಹೆಣ್ಣುಮಗಳಿಗೆ ಹೇಳದೆ ಉಪಕಾರ ಮಾಡಿದ ಹಿಗ್ಗು ನನಗೆ.

ಶಿಬಿರ ಸುರಪುರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಕಚೇರಿಯ ಪ್ರತಿನಿಧಿಯಾಗಿ ನಾನೂ ಹೋಗಿದ್ದೆ. ಬೆಳಿಗ್ಗೆ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಸಾಲಾಗಿ ಬರುವುದು ಕಂಡಿತು. ಗೇಟಿನ ತನಕ ಬಂದವರು ಹಾಗೇ ತಿರುಗಿ ಹೋದರು. ನೋಡಿದರೆ ಗೇಟಿನ ಎರಡೂ ಕಡೆ ಲಾಠಿ ಹಿಡಿದ ಇಬ್ಬರು ಪೊಲೀಸರು, ನಡುವೆ ದೊಡ್ಡ ಮೀಸೆಯ ಹವಾಲ್ದಾರರೊಬ್ಬರು. ಸಾರಾಯಿ ಹಿಡಿಯಲು ಬಂದಿದ್ದಾರೆಂದು ಊರೆಲ್ಲ ಸುದ್ದಿಯಾಗಿ ಗಂಡಸರು ಆಗಲೇ ಹೊಲ ಸೇರಿದ್ದರು. ಹನ್ನೊಂದು ಗಂಟೆಯಾದರೂ ಒಂದು ಬಾಯಿಯೂ ತೆರೆಯಲಿಲ್ಲ. ಡಾಕ್ಟರು ಹೊರಗೆ ಬಂದು ಪೊಲೀಸರನ್ನು ಯಾರು ಕರೆಸಿದರೆಂದು ಕೇಳಿದರು. ನಾನು ಬೇವಿನ ಮರದಲ್ಲಿ ಏನೋ ಹುಡುಕತೊಡಗಿದೆ. ಹವಾಲ್ದಾರರು ಜೇಬಿನಿಂದ ನನ್ನ ಪತ್ರ ತೆಗೆದು ಕೊಟ್ಟರು.

ಡಾಕ್ಟರು ಅದನ್ನು ಎರಡು ಸಲ ಓದಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಾಹೇಬ್ರ, ಕಂಟ್ರೋಲ್ ಗ್ರೂಪ್ ಅಂದ್ರ ತಂಬಾಕು ತಿನ್ನದ ಮಂದಿರಿ. ತಿನ್ನವರ ಜೋಡಿ ಹೋಲಿಸಿ ನೋಡ್ಲಿಕ್ಕ ಬೇಕಾಗ್ತಾರ. ಅವರನ್ನ ಯಾರೂ ಕಂಟ್ರೋಲ್ ಮಾಡಂಗಿಲ್ಲ."

"ಅದು ನನಗ ಗೊತ್ತಿತ್ತರಿ," ಅಂದೆ. ನಾಲಿಗೆಗೆ ಅಭ್ಯಾಸ. "ಆದ್ರೂ ಮುಂದಿನ ವಿಚಾರ ಮಾಡಿ ಬರದಿದ್ದೆ."

ಡಾಕ್ಟರು ಹಣೆ ಒತ್ತಿಕೊಂಡು, ಕುರ್ಚಿಯೊಂದನ್ನು ಗೇಟಿನ ಹೊರಗೆ ಎಲ್ಲರಿಗೂ ಕಾಣುವ ಹಾಗೆ ಹಾಕಿಸಿದರು. ಹವಾಲ್ದಾರರೇ ಮೊದಲು ಬಾಯಿ ತೋರಿಸಿದರೆ ಜನರ ಭಯ ಹೋಗುತ್ತದೆ ಎಂದು ಅವರನ್ನು ಕೂರಿಸಿದರು. ಅವರ ಹೆಸರು ಭೀಮರಾಯ, ಊರು ಶಹಾಪುರದ ಕಡೆಯದೇ. ಗೋಡೆಯ ಮರೆಗೆ ಹೋಗಿ ಬಾಯಲ್ಲಿದ್ದ ಗುಟ್ಕಾ ಉಗುಳಿ, ಮುಕ್ಕಳಿಸಿ ಬಂದು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದರು. ಹೊಲದ ಕಡೆಯಿಂದ ಒಂದೊಂದೇ ತಲೆ ಕಾಣಿಸಿತು. ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಅಂದಳು: "ಪೊಲೀಸಪ್ಪನ ಬಾಯಿ ತೆರಸ್ಯಾಳಂದ್ರ ಈಕಿ ಖರೇನ ದೊಡ್ಡ ಡಾಕ್ಟರ್ ಇರಬೇಕು." ಮಂದಿ ನಕ್ಕರು. ನಗುತ್ತಲೇ ಸಾಲು ಬೆಳೆಯಿತು. ತಂಬಾಕು ಮುಟ್ಟದವರ ಪಟ್ಟಿ ತುಂಬುವುದು ಕಷ್ಟವಾದಾಗ ನನ್ನ ಹೆಸರನ್ನೂ ಬರೆದುಕೊಂಡರು. ನಾನು ತಂಬಾಕು ಮುಟ್ಟದಿರುವುದು ಗುಣದಿಂದಲ್ಲ. ಚಿಕ್ಕಂದಿನಲ್ಲಿ ಮದುವೆಯೊಂದರಲ್ಲಿ ಕದ್ದು ಬಾಯಿಗೆ ಹಾಕಿ, ತಲೆ ಸುತ್ತಿ, ಬೀಗರ ಎಲೆಯ ಮೇಲೆಯೇ ಬಿದ್ದಿದ್ದೆ.

ಮುದುಕಿಯ ಮಾತಿಗೆ ನಗದೆ ಇದ್ದವರು ಡಾಕ್ಟರೊಬ್ಬರೇ. ಭೀಮರಾಯರ ಎಡ ಕೆನ್ನೆಯ ಒಳಗೆ ಅವರು ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ್ದನ್ನು ನಾನು ಗಮನಿಸಿದ್ದೆ. ಮಂದಿ ಕರಗಿದ ಮೇಲೆ ಅವರನ್ನು ಒಳಗೆ ಕರೆದು, ಕಲಬುರಗಿಗೆ ಹೋಗಿ ಚೂರು ಮಾಂಸ ತೆಗೆಸಿ ಪರೀಕ್ಷೆ ಮಾಡಿಸಬೇಕೆಂದು ತಿಳಿಸಿದರು. ಭೀಮರಾಯರು ಬಂದೋಬಸ್ತು ಇದೆ, ಸಾಹೇಬರ ತಪಾಸಣೆ ಇದೆ, ಮುಂದಿನ ತಿಂಗಳು ನೋಡೋಣ ಎಂದು ಹೇಳಿ ಟೊಪ್ಪಿಗೆ ಹಾಕಿಕೊಂಡರು. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಆ ದೊಡ್ಡ ದೇಹ ಬಾಗಿಲು ಹುಡುಕುತ್ತಿತ್ತು.

ಮರುದಿನವೇ ಡಾಕ್ಟರ ಕಾಗದ ನನ್ನ ಮೇಜಿಗೆ ಬಂತು. ಸಂಶೋಧನೆಯ ಜೀಪು, ಪರೀಕ್ಷೆ ಎಲ್ಲ ಆರಿಸಿದ ಹಳ್ಳಿಗಳ ಜನರಿಗೆ ಮಾತ್ರ. ಈ ಹವಾಲ್ದಾರರನ್ನೂ ಸೇರಿಸಲು ಅನುಮತಿ ಬೇಕು ಎಂದಿತ್ತು. ಷರಾ ಬರೆಯಲು ಅದಕ್ಕಿಂತ ಫಲವತ್ತಾದ ಕಾಗದವನ್ನು ನಾನು ಕಂಡಿರಲಿಲ್ಲ. ಊರು ಪಟ್ಟಿಯಲ್ಲಿಲ್ಲ, ಆಸಾಮಿ ಬೇರೆ ಇಲಾಖೆಯವರು, ಬಂದದ್ದು ಡ್ಯೂಟಿಯ ಮೇಲೆ. ಪೆನ್ನು ತೆಗೆದೆ. ಆ ಮನುಷ್ಯ ಬಾಯಿ ತೆರೆದು ಕುರ್ಚಿಯಲ್ಲಿ ಕೂತದ್ದೇ ಕಣ್ಣಿಗೆ ಬಂತು. 'ಮಂಜೂರಾತಿಗಾಗಿ ಮಂಡಿಸಿದೆ' ಎಂದಷ್ಟೇ ಬರೆದು, ನಾನೇ ಎದ್ದು ಹೋಗಿ ಸಹಿ ಮಾಡಿಸಿದೆ. ನಮ್ಮ ಅಧಿಕಾರಿಗಳು ಕಾಗದಕ್ಕಿಂತ ನನ್ನ ಮುಖವನ್ನೇ ಹೆಚ್ಚು ನೋಡಿ, ಮೈಯಲ್ಲಿ ಹುಷಾರಿದೆಯೇ ಎಂದು ವಿಚಾರಿಸಿದರು. ಭೀಮರಾಯರು ಒಬ್ಬರೇ ಆದರೆ ದಾರಿಯಲ್ಲಿ ಇಳಿದುಬಿಡುತ್ತಾರೆಂದು ಡಾಕ್ಟರು ಅಂದದ್ದಕ್ಕೆ ನಾನೂ ರಜೆ ಹಾಕಿ ಕಲಬುರಗಿಗೆ ಹೊರಟ ಜೀಪಿನಲ್ಲಿ ಕೂತೆ.

ಅರ್ಧ ದಾರಿಯಲ್ಲಿ ಭೀಮರಾಯರು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು: "ಸಾಹೇಬ್ರ, ನೀವು ತಿಳದವ್ರು. ಇದು ಅದೇ ಇರ್ತದೇನ್ರಿ?"

ಏನೂ ಆಗುವುದಿಲ್ಲ, ನನಗೆ ಗೊತ್ತು ಎಂಬ ಮಾತು ತುಟಿಯ ತನಕ ಬಂದಿತ್ತು. ಅವರು ಈ ಕಡೆ ತಿರುಗಿದರು. "ನನಗ ಗೊತ್ತಿಲ್ಲ ಭೀಮರಾಯಪ್ಪ," ಅಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅವರು ನಿಟ್ಟುಸಿರು ಬಿಟ್ಟು, ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.

ಅದೇ ಆಗಿತ್ತು. ಆದರೆ ಆಗಷ್ಟೇ ಬೇರು ಬಿಡುತ್ತಿತ್ತು. ಶಸ್ತ್ರಚಿಕಿತ್ಸೆ ಆಯಿತು. ಮೀಸೆ ಬೋಳಿಸಬೇಕಾಯಿತೆಂಬುದೇ ಅವರ ದೊಡ್ಡ ದುಃಖ. ಕೆಲವು ತಿಂಗಳು ಗಂಜಿ ಕುಡಿದು, ಮೀಸೆ ಮೊದಲಿನಷ್ಟೇ ಬೆಳೆಸಿಕೊಂಡು ಡ್ಯೂಟಿಗೆ ಮರಳಿದರು. ಠಾಣೆಯ ಗುಟ್ಕಾ ತಿನ್ನುವವರನ್ನೆಲ್ಲ ಸಾಲು ಹಚ್ಚಿ ಡಾಕ್ಟರ ಮುಂದೆ ನಿಲ್ಲಿಸಿದರು. ಹೋದಲ್ಲೆಲ್ಲ, ಸೂಪರಿಂಟೆಂಡೆಂಟ್ ಸಾಹೇಬರು ಮುಂದಿನದನ್ನು ಯೋಚಿಸಿ ಪತ್ರ ಬರೆದದ್ದರಿಂದ ತಮ್ಮ ಜೀವ ಉಳಿಯಿತೆಂದು ಸಾರಿದರು. ಸಂಶೋಧನೆಯ ಪರಿಶೀಲನೆಗೆ ದಿಲ್ಲಿಯಿಂದ ಬಂದ ಹಿರಿಯರು ಕೂಡ ಪೊಲೀಸರನ್ನು ಜೊತೆಗೆ ಸೇರಿಸಿಕೊಂಡ ಈ ಹೊಸ ಕ್ರಮವನ್ನು ಮೆಚ್ಚಿ, ಬೇರೆ ಕಡೆಯೂ ಮಾಡಿ ನೋಡಬೇಕೆಂದು ಬರೆದುಕೊಂಡರು. ಡಾಕ್ಟರು ಕೆಮ್ಮು ಬಂತೆಂದು ಹೊರಗೆ ಹೋದರು. ಎರಡನೆಯ ಕಂತು ಮಂಜೂರಾಯಿತು.

ಈ ಹೊಗಳಿಕೆ ನನಗೆ ಮೊದಲು ಹಿತವಾಗಿ, ಆಮೇಲೆ ಹೊಸ ಚಪ್ಪಲಿಯ ಹಾಗೆ ಕಚ್ಚತೊಡಗಿತು. ಮೊನ್ನೆ ಭೀಮರಾಯರು ಕಚೇರಿಗೆ ಬಂದಾಗ ಬಾಗಿಲು ಮುಂದೆ ಮಾಡಿ, ನನಗೆ ಆ ಇಂಗ್ಲಿಷ್ ಮಾತಿನ ಅರ್ಥವೇ ಗೊತ್ತಿರಲಿಲ್ಲ, ತಿಳಿಯದೆ ಪತ್ರ ಬರೆದೆ ಎಂದು ಎಲ್ಲ ಒಪ್ಪಿಕೊಂಡುಬಿಟ್ಟೆ.

ಅವರು ಚಹಾ ಬಸಿಗೆ ಹಾಕಿಕೊಂಡು ಎಡಗೆನ್ನೆ ತಪ್ಪಿಸಿ ನಿಧಾನವಾಗಿ ಕುಡಿದರು. "ಅಂದಿನ ಡ್ಯೂಟಿನೂ ನನ್ನದಲ್ಲರಿ," ಅಂದರು. "ಬ್ಯಾರೇವಂದಿತ್ತು. ಸರ್ಕಾರಿ ಕ್ಯಾಂಪಂದ್ರ ಹೋಳಿಗಿ ಊಟ ಇರ್ತದಂತ ನಾನ ಅವನ ಜೋಡಿ ಅದಲಿ ಬದಲಿ ಮಾಡಿಕೊಂಡು ಬಂದಿದ್ದೆ. ನೋಡಿದ್ರ ಎರಡು ಬಿಸ್ಕೀಟು ಕೊಟ್ರಿ."

ಇಬ್ಬರೂ ಮೇಜು ಅಲುಗಾಡುವಷ್ಟು ನಕ್ಕೆವು. ಅದೇ ಹುರುಪಿನಲ್ಲಿ ಮನೆಯಲ್ಲಿಯೂ ನಿಜ ಹೇಳಿಬಿಡಬೇಕೆಂದು ಸಂಜೆ ಬೇಗ ಹೊರಟೆ. ನೀಲಮ್ಮ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಗೊಬ್ಬರದ ಚೀಲದ ಕಥೆಯಲ್ಲ. ತನ್ನ ಗಂಡ ಎಷ್ಟು ಮುಂದಾಲೋಚನೆಯವರು, ಒಂದು ಪತ್ರದಿಂದ ಒಬ್ಬ ಪೊಲೀಸಪ್ಪನ ಪ್ರಾಣ ಹೇಗೆ ಉಳಿಸಿದರು ಎಂದು. ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷಗಳಾದವು. ಅವಳ ದನಿಯಲ್ಲಿ ಆ ಧಾಟಿಯನ್ನು ನಾನು ಕೇಳಿದ್ದು ಅದೇ ಮೊದಲು. ಸದ್ದಾಗದಂತೆ ಚಪ್ಪಲಿ ಬಿಟ್ಟು, ಗೋಡೆಯ ಮರೆಗೆ ಒರಗಿ, ಕೊನೆಯ ತನಕ ಕೇಳಿದೆ. ಒಂದೆರಡು ಕಡೆ ಅವಳು ವಿವರ ಬಿಟ್ಟಿದ್ದಳು. ಹತ್ತಿರ ಹೋಗಿ ಅವನ್ನಷ್ಟೇ ಸೇರಿಸಿಕೊಟ್ಟೆ.